ಗ್ರೀಸಿ ಗ್ರಾಸ್ ಕದನ

1876ರ ಜೂನ್ 25 ಮತ್ತು 26ರಂದು, ಇಂದಿನ ಅಮೆರಿಕದ ಮೊಂಟಾನಾ ರಾಜ್ಯದ ಲಿಟ್ಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಲಕೋಟಾ, ಉತ್ತರ ಶಯೆನ್ ಮತ್ತು ಅರಾಪಹೊ ಯೋಧರು ಅಮೆರಿಕದ ಏಳನೆಯ ಅಶ್ವದಳವನ್ನು ಸೋಲಿಸಿದ ಕದನ. ಅಮೆರಿಕದ ಜನಪ್ರಿಯ ಚರಿತ್ರೆ ಇದನ್ನು ಬಹುಕಾಲ ಸೇನಾನಿ ಜಾರ್ಜ್ ಕಸ್ಟರ್‌ನ ಕೊನೆಯ ಹೋರಾಟವೆಂದೇ ವರ್ಣಿಸಿತು. ಈ ನದಿಯನ್ನು ಗ್ರೀಸಿ ಗ್ರಾಸ್ ಎಂದು ಕರೆಯುವ ಲಕೋಟಾ ಜನರ ನೆನಪಿನಲ್ಲಾದರೋ ಇದು ಹೆಂಗಸರು, ಮಕ್ಕಳು, ವೃದ್ಧರಿದ್ದ ಬೀಡಿನ ಮೇಲೆ ಹಾಡಹಗಲೇ ನಡೆದ ದಾಳಿಯನ್ನು ಹಿಮ್ಮೆಟ್ಟಿಸಿದ ಯುದ್ಧ.

ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲನ್ನು 1868ರ ಫೋರ್ಟ್ ಲಾರಮಿ ಒಪ್ಪಂದ ಲಕೋಟಾ ಜನರಿಗೆ ಬಿಟ್ಟುಕೊಟ್ಟಿತ್ತು. 1874ರಲ್ಲಿ ಕಸ್ಟರ್‌ನ ತಂಡ ಅಲ್ಲಿ ಚಿನ್ನವಿರುವುದನ್ನು ಸಾರಿದ ಮೇಲೆ ಸರ್ಕಾರ ಮಾತು ಮುರಿಯಿತು. ಎರಡು ವರ್ಷಗಳ ಬಳಿಕ ನಡೆದ ಈ ಕದನದಲ್ಲಿ ಸೈನಿಕರ ಮೊದಲ ಗುಂಡುಗಳು ಬೀಡಿನ ಅಂಚಿನ ಹುಂಕ್‌ಪಾಪಾ ಎಂಬ ಲಕೋಟಾ ಪಂಗಡದ ಗುಡಾರಗಳತ್ತ ಹಾರಿದಾಗ ಗಾಲ್ ಎಂಬ ನಾಯಕ ತನ್ನ ಇಬ್ಬರು ಪತ್ನಿಯರನ್ನೂ ಮಕ್ಕಳನ್ನೂ ಕಳೆದುಕೊಂಡನು. ಕಸ್ಟರ್‌ನೊಡನೆ ದಿಬ್ಬದ ಮೇಲಿದ್ದ ಐದು ತುಕಡಿಗಳಲ್ಲಿ ಒಬ್ಬನೂ ಉಳಿಯಲಿಲ್ಲ.

ಲಕೋಟಾ ಸಾಕ್ಷ್ಯಗಳಲ್ಲಿ, ಕದನದಲ್ಲಿ ಪಾಲ್ಗೊಂಡಿದ್ದ ರೆಡ್ ಹಾರ್ಸ್ 1881ರಲ್ಲಿ ಬರೆದ 42 ಚಿತ್ರಗಳು ಅಮೂಲ್ಯವಾದವು. ಗುಡಾರಗಳ ಸಾಲು, ನುಗ್ಗಿಬರುವ ಕುದುರೆಗಳು, ಸತ್ತ ಸೈನಿಕರು ಇವುಗಳಲ್ಲಿವೆ. ತನ್ನವರ ಶವಗಳನ್ನೂ ಅವನು ಮರೆಮಾಚಿಲ್ಲ. ಲಿಖಿತ ವರದಿಗಳಷ್ಟೇ ತೂಕವನ್ನು ಇವುಗಳಿಗೂ ಕೊಡುವುದು ನ್ಯಾಯ.

ಗೆಲುವು ನೆಲವನ್ನು ಉಳಿಸಲಿಲ್ಲ. 1877ರಲ್ಲಿ ಸರ್ಕಾರ ಬ್ಲ್ಯಾಕ್ ಹಿಲ್ಸನ್ನು ವಶಪಡಿಸಿಕೊಂಡಿತು. ಇದಕ್ಕೆ ಪರಿಹಾರ ಸಲ್ಲಬೇಕೆಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತರೂ, ಬೆಟ್ಟಗಳೇ ಬೇಕೆನ್ನುವ ಲಕೋಟಾ ಸಮುದಾಯಗಳು ಆ ಹಣವನ್ನು ಸ್ವೀಕರಿಸಿಲ್ಲ.