ಊರು ಬಿಟ್ಟವರ ಅಡ್ಡಹೆಸರು

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರಿನಲ್ಲಿ ನಿಂತು ಯಾರನ್ನಾದರೂ ‘ಹುಲಗೂರ’ ಎಂದು ಕರೆದರೆ ಗುರುತು ಹತ್ತುವುದು ಕಷ್ಟ. ಅಲ್ಲಿ ಎಲ್ಲರೂ ಹುಲಗೂರಿನವರೇ. ಆ ಊರಿನ ಕುಟುಂಬವೊಂದು ಹೊಟ್ಟೆಪಾಡಿಗಾಗಿ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಿ ನೆಲೆಸಿದಾಗ ಓಣಿಯ ಜನ ಅವರನ್ನು ‘ಹುಲಗೂರಿನವರು’ ಎನ್ನತೊಡಗುತ್ತಾರೆ. ಶಾಲೆಯ ದಾಖಲೆಯಲ್ಲಿ ಅದು ‘ಹುಲಗೂರ’ ಎಂದು ಮೊಟಕಾಗುತ್ತದೆ. ಮುಂದಿನ ತಲೆಮಾರಿಗೆ ಅದೇ ಅಡ್ಡಹೆಸರು. ಊರಿನ ಹೆಸರು ಮನುಷ್ಯನಿಗೆ ಅಂಟುವುದು ಅವನು ಊರು ಬಿಟ್ಟ ಮೇಲೆಯೇ.

ಉತ್ತರ ಕರ್ನಾಟಕದ ಅಡ್ಡಹೆಸರುಗಳಿಗೆ ಬೇರೆ ಮೂಲಗಳೂ ಇವೆ. ಬಡಿಗೇರ, ಕಮ್ಮಾರ, ಹೂಗಾರ ಎಂಬವು ಕಸುಬಿನಿಂದ ಬಂದವು. ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ ಎಂಬವು ದಿನಬಳಕೆಯ ಪದಾರ್ಥಗಳ ಹೆಸರುಗಳು. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬವು ಅಧಿಕಾರದಿಂದ ಬಂದವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರಾಜ್ಯ ಸರ್ಕಾರ 1961ರ ಕಾಯ್ದೆಯಿಂದ ರದ್ದುಪಡಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಊರಿನ ಹೆಸರಿನದು ಮಾತ್ರ ಪಯಣದ ಕಥೆ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಅವರ ಹೆಸರಿನಲ್ಲಿರುವುದು ಬೆಳಗಾವಿ ಜಿಲ್ಲೆಯ ಗೋಕಾಕ. 1982ರ ಕನ್ನಡ ಚಳವಳಿಗೆ ‘ಗೋಕಾಕ್ ಚಳವಳಿ’ ಎಂಬ ಹೆಸರು ಬಂದದ್ದು ಅವರ ಸಮಿತಿಯ ವರದಿಯಿಂದಲೇ ಹೊರತು ಆ ಪಟ್ಟಣದಿಂದಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರು ಹಾನಗಲ್ಲನ್ನು ದೇಶದ ಸಂಗೀತ ವೇದಿಕೆಗಳಿಗೆಲ್ಲ ಕೊಂಡೊಯ್ದರು.

ಹಳೆಯ ಮೈಸೂರಿನ ಕಡೆ ಊರು ಹೆಸರಿನ ಕೊನೆಗೆ ಬರುವುದಿಲ್ಲ, ಮೊದಲಿಗೆ ಬರುತ್ತದೆ. ಅದೂ ಒಂದೇ ಅಕ್ಷರವಾಗಿ. ಕೆ.ವಿ. ಪುಟ್ಟಪ್ಪನವರ ‘ಕೆ’ ಎಂದರೆ ಕುಪ್ಪಳಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಎಂದರೆ ಪೂರ್ವಿಕರ ಊರಾದ ಆಂಧ್ರದ ಮೋಕ್ಷಗುಂಡಂ.

ಈ ಪದ್ಧತಿ ನಮ್ಮದೊಂದೇ ಅಲ್ಲ. ಪೋಲೆಂಡಿನಲ್ಲಿ ವಾರ್ಸಾ ನಗರದ ಮೂಲದವನು ‘ವಾರ್ಶಾವ್ಸ್ಕಿ’. ನಮ್ಮ ‘ಊರ’ದಂತೆ ಅವರ ‘ಸ್ಕಿ’ ಪ್ರತ್ಯಯವೂ ಸಂಬಂಧವನ್ನು ಸೂಚಿಸುತ್ತದೆ. ಈ ಹೆಸರು ಪೋಲಿಷ್ ಕ್ರೈಸ್ತರಲ್ಲೂ ಉಂಟು, ಯೆಹೂದಿಗಳಲ್ಲೂ ಉಂಟು. ಪೂರ್ವ ಯೂರೋಪಿನ ಬಹುಪಾಲು ಯೆಹೂದಿಗಳು ಮೊದಲು ತಂದೆಯ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಿದ್ದರು. ಆಸ್ಟ್ರಿಯಾದ ದೊರೆ ಎರಡನೆಯ ಜೋಸೆಫ್ 1787ರಲ್ಲಿ ತನ್ನ ಆಳ್ವಿಕೆಯಲ್ಲಿದ್ದ ಯೆಹೂದಿಗಳೆಲ್ಲರೂ ಸ್ಥಿರವಾದ ಕುಲನಾಮ ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಇತ್ತ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದಿಗಳು ನೆರೆಯ ಮರಾಠಿಗರಂತೆಯೇ ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿ ಪೇಣಕರ್, ನವಗಾಂವಕರ್ ಎನಿಸಿಕೊಂಡರು.

ಊರಿನ ಹೆಸರಿಗೆ ಇನ್ನೊಂದು ಗುಣವಿದೆ. ಕಸುಬಿನ ಹೆಸರು ಕೇಳಿದೊಡನೆ ಜಾತಿಯನ್ನು ಊಹಿಸುವ ಜನರಿದ್ದಾರೆ. ‘ಸವಣೂರ’, ‘ಬಂಕಾಪುರ’ ಎಂದರೆ ಹಾಗೆ ಊಹಿಸಲು ಬರುವುದಿಲ್ಲ. ಹಿಂದೂ, ಮುಸಲ್ಮಾನ ಇಬ್ಬರಿಗೂ ಆ ಹೆಸರು ಸಲ್ಲುತ್ತದೆ. ಇದೇ ಶಿಗ್ಗಾವಿ ಸೀಮೆಯ ಶರೀಫ ಸಾಹೇಬರು (1819–1889) ಹುಲಗೂರಿನ ಖಾದರಿ ಗುರುವಿನ ಆಶೀರ್ವಾದದಿಂದ ಹುಟ್ಟಿದರೆಂಬುದು ಜನರ ನಂಬಿಕೆ. ಮುಂದೆ ಅವರು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಎರಡು ಮತಗಳೂ ತಮ್ಮವರೆನ್ನುವ ಈ ಸಂತರನ್ನು ನಾಡು ಗುರುತಿಸುವುದು ಊರಿನ ಹೆಸರಿನಿಂದ. ತಮ್ಮ ಪದಗಳ ಅಂಕಿತದಲ್ಲೂ ಅವರು ‘ಶಿಶುನಾಳಾಧೀಶ’ನೆಂದು ಊರನ್ನೇ ಇಟ್ಟರು.

ಹೊಲ, ಮನೆ ಮಾರಿ, ಊರಿನ ದಾರಿಯೂ ಮರೆತುಹೋದ ಮೇಲೂ ಹೆಸರಿನ ಕೊನೆಯಲ್ಲಿ ಆ ಊರು ನಿಂತಿರುತ್ತದೆ. ‘ಹುಲಗೂರ ಅಂದರೇನು?’ ಎಂದು ಮೊಮ್ಮಗು ಕೇಳಿದಾಗ ಉತ್ತರ ಹೇಳುವ ಹಿರಿಯರು ಮನೆಯಲ್ಲಿದ್ದರೆ ಅದು ಊರು. ಇಲ್ಲದಿದ್ದರೆ ಬರೀ ಹೆಸರು.