ಅಫೀಮಿನ ಇತಿಹಾಸ ಮತ್ತು ನಮ್ಮ ಶಾಲೆಯ ಫಸ್ಟ್ ಏಡ್ ಬಾಕ್ಸ್

ಭಾಗ 1/4: ಒಂದೇ ಗಿಡ

ಗಸಗಸೆ ಪಾಯಸ ಕುಡಿದ್ರೆ ನಿದ್ದೆ ಬರುತ್ತೆ ಅಂತ ಮನೆಯಲ್ಲಿ ಹೇಳೋದು ಕೇಳಿರ್ತೀರಿ. ಕಾಳಿನಲ್ಲಿ ಮತ್ತಿನ ಅಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಆದ್ರೆ ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದ್ರೆ ಒಸರೋ ಹಾಲೇ ಅಫೀಮು. 1805ರ ಸುಮಾರಿಗೆ ಜರ್ಮನಿಯ ಸೆರ್ಟರ್ನರ್ ಅದರಿಂದ ಮಾರ್ಫಿನ್ ಬೇರ್ಪಡಿಸಿದ. 1898ರಲ್ಲಿ ಬೇಯರ್ ಕಂಪನಿ ಹೆರಾಯಿನ್ ಅನ್ನು ಕೆಮ್ಮಿನ ಔಷಧಿ ಅಂತ ಮಾರಿತು! ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರೋ ಕೊಡೀನ್, ನೋವಿನ ಮಾತ್ರೆ ಟ್ರಮಡಾಲ್ ಕೂಡ ಇದೇ ಬಳಗ. ಒಟ್ಟು ಹೆಸರು ಓಪಿಯಾಯ್ಡ್.

ಇವು ನೋವು ಇಳಿಸ್ತವೆ, ಅದಕ್ಕೇ ಆಸ್ಪತ್ರೆಗೆ ಬೇಕೇ ಬೇಕು. ಆದ್ರೆ ಡೋಸ್ ಮೀರಿದ್ರೆ, ಉಸಿರಾಡು ಅಂತ ಮೆದುಳು ಕೊಡೋ ಆಜ್ಞೆಯೇ ಮಂಕಾಗುತ್ತೆ. ನೋಡೋರಿಗೆ ಗೊರಕೆ ಹೊಡೀತಾ ಮಲಗಿದಾನೆ ಅನ್ಸುತ್ತೆ. ಒಳಗೆ ಉಸಿರು ನಿಲ್ತಾ ಇರುತ್ತೆ.

ಭಾಗ 2/4: ಸರ್ಕಾರದ ಲೆಕ್ಕದಲ್ಲಿ ಅಫೀಮು

ಬಿಕಾಂ ಓದೋರಿಗೆ ಇದು ಇಂಟರೆಸ್ಟಿಂಗ್. ನೂರಾರು ವರ್ಷ ಅಫೀಮು ಇದ್ದದ್ದು ಆದಾಯದ ಕಾಲಂನಲ್ಲಿ. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಅಫೀಮಿನ ಏಕಸ್ವಾಮ್ಯ ಹಿಡೀತು. 1820ರಲ್ಲಿ ಗಾಜಿಪುರದಲ್ಲಿ ಕಾರ್ಖಾನೆ ಬಂತು. ಚೀನಾಕ್ಕೆ ಅಫೀಮು ಮಾರೋ ಹಕ್ಕಿಗಾಗಿ 1839ರಿಂದ ಯುದ್ಧವನ್ನೇ ಮಾಡಿದರು. ಭೂಕಂದಾಯ ಬಿಟ್ಟರೆ ಬ್ರಿಟಿಷ್ ಸರ್ಕಾರದ ದೊಡ್ಡ ವರಮಾನಗಳಲ್ಲಿ ಇದೂ ಒಂದು. ಚನ್ನಗಿರಿ, ಹೊನ್ನಾಳಿ, ಜಗಳೂರು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲೂ ಅಫೀಮು ಅಬಕಾರಿ ಲೆಕ್ಕಕ್ಕೇ ಸೇರ್ತಿತ್ತು.

ಮಕ್ಕಳು ಈ ಲೆಕ್ಕದಲ್ಲಿ ಎಲ್ಲಿದ್ದರು? ಬಾಂಬೆಯ ಗಿರಣಿಗೆ ಕೆಲಸಕ್ಕೆ ಹೋಗೋ ತಾಯಂದಿರು, ಕೂಸು ಅಳದೆ ಮಲಗಿರಲಿ ಅಂತ ಅಫೀಮು ಬೆರೆಸಿದ 'ಬಾಲಗೋಲಿ' ಕೊಡ್ತಿದ್ದರು. ತಾಯಂದಿರನ್ನ ಬೈಯೋದು ಸುಲಭ. ಕೂಸು ನೋಡ್ಕೊಳ್ಳೋಕೆ ಬೇರೆ ವ್ಯವಸ್ಥೆ ಇರಲಿಲ್ಲ, ಅಫೀಮು ಮಾತ್ರ ಲೈಸೆನ್ಸ್ ಅಂಗಡಿಯಲ್ಲಿ ಸಿಗ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ, ಔಷಧಿಗೆ ಬಿಟ್ಟು ಬೇರೆ ಬಳಕೆಯನ್ನ 1959ರೊಳಗೆ ನಿಲ್ಲಿಸಬೇಕು ಅಂತ ತೀರ್ಮಾನ ಆಯ್ತು. ಆಮೇಲೆ ಎನ್‌ಡಿಪಿಎಸ್ ಕಾಯ್ದೆ. ಜಾರಿಗೆ ಬಂದ ದಿನ 1985ರ ನವೆಂಬರ್ 14, ಮಕ್ಕಳ ದಿನಾಚರಣೆ. 2018ರಲ್ಲಿ ಟ್ರಮಡಾಲ್ ಕೂಡ ಈ ಕಾಯ್ದೆಯೊಳಗೆ ಬಂತು. ಮೊದಲು ಆದಾಯ, ಆಮೇಲೆ ಅಪರಾಧ. ಉಸಿರು ನಿಲ್ತಿರೋ ಮನುಷ್ಯನಿಗೆ ಆ ಕ್ಷಣ ಏನ್ ಮಾಡ್ಬೇಕು ಅನ್ನೋದು ಎರಡೂ ಕಾಲದಲ್ಲಿ ಜನಸಾಮಾನ್ಯರ ತನಕ ಬರಲೇ ಇಲ್ಲ.

ಭಾಗ 3/4: ಔಷಧಿ ಇತ್ತು, ಹತ್ತಿರ ಇರಲಿಲ್ಲ

ಉತ್ತರ 1961ರಷ್ಟು ಹಿಂದೆಯೇ ಸಿಕ್ಕಿತ್ತು. ಅಮೆರಿಕದಲ್ಲಿ ಜ್ಯಾಕ್ ಫಿಶ್‌ಮನ್ ಮತ್ತು ಮೋಸಸ್ ಲೆವೆನ್‌ಸ್ಟೈನ್ ಸೇರಿ ನಾಲೋಕ್ಸೋನ್ ಕಂಡುಹಿಡಿದರು. ಮೆದುಳಲ್ಲಿ ಓಪಿಯಾಯ್ಡ್ ಕೂತಿರೋ ಜಾಗದಿಂದ ಅದನ್ನ ತಳ್ಳಿ ತಾನು ಕೂರುತ್ತೆ, ಕೆಲವೇ ನಿಮಿಷದಲ್ಲಿ ಉಸಿರು ವಾಪಸ್. 1971ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಆದ್ರೆ ದಶಕಗಳ ಕಾಲ ಆಸ್ಪತ್ರೆ, ಆಂಬುಲೆನ್ಸ್ ಬಿಟ್ಟು ಹೊರಗೆ ಹೆಚ್ಚು ಬರಲಿಲ್ಲ. 2003ರಲ್ಲಿ ಫಿಶ್‌ಮನ್ ಅವರ ಮಲಮಗನೇ ಹೆರಾಯಿನ್ ಓವರ್‌ಡೋಸ್‌ನಿಂದ ತೀರಿಕೊಂಡ. ಔಷಧಿ ಕಂಡುಹಿಡಿದವರ ಮನೆಯ ಹುಡುಗನಿಗೇ ಆ ಔಷಧಿ ಸಿಗಲಿಲ್ಲ.

2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಓವರ್‌ಡೋಸ್ ನೋಡುವ ಸಾಧ್ಯತೆ ಇರೋ ಸಾಮಾನ್ಯರ ಕೈಗೂ ಇದು ಸಿಗಬೇಕು ಅಂದಿತು. 2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಹೈಸ್ಕೂಲೊಂದರ ಶೌಚಾಲಯದಲ್ಲಿ 15 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು. ಅದೇ ತಿಂಗಳು ಅಲ್ಲಿನ ಆಡಳಿತ, ತನ್ನ ಎಲ್ಲಾ ಶಾಲೆಗಳಲ್ಲೂ ನಾಲೋಕ್ಸೋನ್ ಇಡ್ತೀವಿ ಅಂತ ಘೋಷಿಸಿತು. ಒಂದು ಜೀವ ಹೋದ ಮೇಲೆ.

ಭಾಗ 4/4: ನಮ್ಮಲ್ಲಿ?

"ಅದೆಲ್ಲ ಅಮೆರಿಕದ ಕಥೆ, ನ್ಯಾಮತಿಯಲ್ಲಿ ಎಲ್ಲಿ ಬಂತು" ಅಂತೀರಾ? 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸೋರು ಸುಮಾರು 2.26 ಕೋಟಿ. ಎಣಿಕೆ ಶುರುವಾಗಿದ್ದೇ 10ನೇ ವಯಸ್ಸಿಂದ. ಅಮೆರಿಕದಷ್ಟು ಸಾವು ಇಲ್ಲಿದೆ ಅಂತ ನಾನು ಹೇಳ್ತಿಲ್ಲ. ಹಾವು ಕಡಿದ್ರೆ ಎಲ್ಲಿಗೆ ಓಡ್ಬೇಕು ಅಂತ ನಮ್ಮೂರ ಚಿಕ್ಕ ಮಕ್ಕಳಿಗೂ ಗೊತ್ತು. ಇದೂ ಹಂಗೇ ಗೊತ್ತಿರಲಿ ಅಷ್ಟೇ.

ಜೂನ್ 26ಕ್ಕೆ ಜಾಥಾ ಮಾಡ್ತೀವಿ, ಪ್ರತಿಜ್ಞೆ ತಗೋತೀವಿ, ಪ್ರಬಂಧ ಬರೀತೀವಿ. ಒಳ್ಳೇದೇ. ಆದ್ರೆ ಬೆಂಚಲ್ಲಿ ಪಕ್ಕ ಕೂತೋನು ಕುಸಿದ್ರೆ? ಜಗಳೂರಿಂದ ಆಗಲಿ ಚನ್ನಗಿರಿಯಿಂದ ಆಗಲಿ ದಾವಣಗೆರೆ ಜಿಲ್ಲಾಸ್ಪತ್ರೆ ದೂರ. ಉಸಿರು ನಿಂತ ಮೇಲೆ ಮೆದುಳಿಗೆ ಸಿಗೋದು ಕೆಲವೇ ನಿಮಿಷ. ಆ ನಿಮಿಷ ಅಲ್ಲಿರೋರದ್ದು, ಅಂದ್ರೆ ನಮ್ಮದು.

ಇದನ್ನ ಸೇವ್ ಮಾಡ್ಕೊಳ್ಳಿ:
• ಲಕ್ಷಣ: ಎಬ್ಬಿಸಿದ್ರೂ ಏಳಲ್ಲ, ಉಸಿರು ತುಂಬಾ ನಿಧಾನ ಅಥವಾ ಗೊರಗೊರ ಸದ್ದು, ಕಣ್ಣಪಾಪೆ ಸಾಸಿವೆಯಷ್ಟು ಚಿಕ್ಕದು, ತುಟಿ ಉಗುರು ನೀಲಿ.
• ತಕ್ಷಣ 108. ಏನು ನುಂಗಿದ್ದ ಅಂತ ಗೊತ್ತಿದ್ರೆ ಮುಚ್ಚಿಡದೆ ಹೇಳಿ, ಖಾಲಿ ಸ್ಟ್ರಿಪ್ ಇದ್ರೆ ಕೊಡಿ.
• ಉಸಿರಿಲ್ಲದಿದ್ರೆ ತಲೆ ಹಿಂದಕ್ಕೆ ವಾಲಿಸಿ, ಮೂಗು ಹಿಡಿದು, 5 ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡಿ. ಉಸಿರಾಡ್ತಿದ್ರೆ ಮಗ್ಗುಲಿಗೆ ಮಲಗಿಸಿ.
• ಮಜ್ಜಿಗೆ, ನಿಂಬೆರಸ, ಉಪ್ಪುನೀರು ಕುಡಿಸ್ಬೇಡಿ. ಒಬ್ಬನನ್ನೇ ಬಿಟ್ಟು ಹೋಗ್ಬೇಡಿ.
• ಎದ್ದು ಕೂತ್ರೂ ಆಸ್ಪತ್ರೆ ಬೇಕು. ನಾಲೋಕ್ಸೋನ್ ಬೇಗ ಇಳಿಯುತ್ತೆ, ಉಸಿರು ಮತ್ತೆ ನಿಲ್ಲಬಹುದು.

ನಮ್ಮ ದೇಶದಲ್ಲಿ ನಾಲೋಕ್ಸೋನ್ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಇಂಜೆಕ್ಷನ್ ರೂಪದಲ್ಲಿ, ಡಾಕ್ಟರ ಕೈಯಲ್ಲಿ. ಹಾಗಾಗಿ ನಾವು ಕೇಳಬಹುದಾದ್ದು ಮೂರು. ತಾಲೂಕು ಆಸ್ಪತ್ರೆಯಲ್ಲಿ ಅದು ಸದಾ ಇರಲಿ. ಪ್ರತಿ ಶಾಲೆಯಲ್ಲಿ ಪಿಟಿ ಮೇಷ್ಟ್ರು ಸೇರಿ ಇಬ್ಬರಿಗಾದ್ರೂ ಉಸಿರು ಕೊಡೋ ತರಬೇತಿ ಆಗಲಿ. ಸೂಳೆಕೆರೆಯಲ್ಲೋ ಹೊನ್ನಾಳಿ ಹೊಳೆಯಲ್ಲೋ ಮುಳುಗಿದವರಿಗೂ ಅದು ಬೇಕು, ವೇಸ್ಟ್ ಆಗಲ್ಲ. ಮೂರನೇದು ದುಡ್ಡಿಲ್ಲದೆ ಆಗೋದು: ಗೆಳೆಯನ ಜೀವ ಉಳಿಸೋಕೆ ಓಡಿ ಬಂದ ಹುಡುಗನಿಗೆ ಟಿಸಿ ಕೊಡಲ್ಲ ಅಂತ ಹೆಡ್‌ಮಾಸ್ಟರ್ ಮೊದಲೇ ಹೇಳಲಿ. ಹೆದರಿದ ಹುಡುಗರು ಫೋನ್ ಮಾಡಲ್ಲ, ಓಡಿಹೋಗ್ತಾರೆ.

ಚಟ ಬಿಡಬೇಕು ಅನ್ನೋರಿಗೆ 14446. ಮನಸ್ಸು ಸರಿ ಇಲ್ಲ ಅಂದ್ರೆ ಟೆಲಿ ಮಾನಸ್ 14416. ಎರಡೂ ಉಚಿತ. ನಿಮ್ಮ ಹೈಸ್ಕೂಲ್ ಗ್ರೂಪಿಗೆ ಇದನ್ನ ಹಾಕಿ, ಮೇಷ್ಟ್ರಿಗೂ ಕಳಿಸಿ.

#ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ದಾವಣಗೆರೆ #ಇತಿಹಾಸ