ಮಾವನವರ ಹಡಗಿನ ಮೂಲ ಹುಡುಕುತ್ತಾ

ಗ್ರಾಂಟ್ ರೋಡಿನ ನಮ್ಮ ಹಳೆಯ ಮನೆಯ ಶೋಕೇಸಿನಲ್ಲಿ ಒಂದೂವರೆ ಅಡಿ ಉದ್ದದ ಮರದ ಹಡಗೊಂದಿದೆ. ಸುಮಾರು ಐವತ್ತು ವರ್ಷಗಳ ಹಿಂದೆ ಮಾವನವರು ಅದನ್ನು ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೊಂಡು ತಂದದ್ದು. "ಇದು ವಾಡಿಯಾ ಮನೆತನದವರು ಕಟ್ಟಿದ ಯುದ್ಧನೌಕೆಯ ಮಾದರಿ" ಎಂದು ಅಂಗಡಿಯವನು ಹೇಳಿದ್ದನಂತೆ. ಮನೆಗೆ ಬಂದವರಿಗೆಲ್ಲ ಮಾವನವರು ಈ ಕಥೆ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವ ಮಾತು ಬಂದಾಗ, ಹಡಗನ್ನು ಮಾರುವ ಪ್ರಸ್ತಾಪವೂ ಬಂತು. ಮಾರುವ ಮೊದಲು ಅದರ ಮೂಲ ತಿಳಿಯೋಣವೆಂದು ನಾನು ಹೊರಟೆ.

ವಾಡಿಯಾರ ಇತಿಹಾಸ ದೊಡ್ಡದು. ಲವ್ಜಿ ನಸರ್‌ವಾನ್‌ಜಿ ವಾಡಿಯಾ 1736ರಲ್ಲಿ ಸೂರತ್‌ನಿಂದ ಮುಂಬಯಿಗೆ ಬಂದರು. ಅವರ ವಂಶದವರು ಇಲ್ಲಿ ಕಟ್ಟಿದ 'ಕಾರ್ನ್‌ವಾಲಿಸ್' ಹಡಗಿನಲ್ಲೇ 1842ರಲ್ಲಿ ಚೀನಾ ಮತ್ತು ಬ್ರಿಟನ್ ನಡುವಿನ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ಟ್ರಿಂಕೋಮಲಿಯ ಚಿತ್ರವನ್ನು ನಮ್ಮ ಹಡಗಿನ ಪಕ್ಕದಲ್ಲಿಟ್ಟು ನೋಡಿದೆ. ಅದಕ್ಕೆ ಮೂರು ಹಾಯಿಕಂಬ, ಬದಿಯಲ್ಲಿ ಸಾಲಾಗಿ ಫಿರಂಗಿಯ ಕಿಂಡಿಗಳು. ನಮ್ಮದಕ್ಕೆ ಎರಡೇ ಕಂಬ, ಅವೂ ಮುಂದಕ್ಕೆ ಬಾಗಿವೆ. ಕಿಂಡಿ ಒಂದೂ ಇಲ್ಲ. ತಿರುಗಿಸಿ ನೋಡಿದರೆ ಯಂತ್ರದಲ್ಲಿ ಮಾಡಿದ ದುಂಡನೆಯ ತಂತಿ ಮೊಳೆಗಳು. ಅಂಥ ಮೊಳೆಗಳ ಬಳಕೆ ಹೆಚ್ಚಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಅಲ್ಲಿಗೆ ಅಂಗಡಿಯವನ ಕಥೆ ಮುಗಿಯಿತು.

ಮುಂದೆ 1834ರಲ್ಲಿ ಪ್ರಕಟವಾದ ಒಂದು ಲೇಖನ ಸಿಕ್ಕಿತು. ಜಾನ್ ಎಡೈ ಎಂಬ ಬ್ರಿಟಿಷ್ ಹಡಗು ತಜ್ಞ ನಮ್ಮ ಕರಾವಳಿಯ ನಾವೆಗಳನ್ನು ಅದರಲ್ಲಿ ವರ್ಣಿಸಿದ್ದಾನೆ. ಪತ್ತೆಮಾರಿಯ ವಿವರ ಓದುತ್ತಾ ಹೋದಂತೆ ನಮ್ಮ ಹಡಗೇ ಕಣ್ಣ ಮುಂದೆ ಬಂತು: ಉದ್ದಕ್ಕೆ ಚಾಚಿದ ಮೂತಿ, ತ್ರಿಕೋನದ ಹಾಯಿ, ನಡುವೆ ಕಮಾನಿನಂತೆ ಮೇಲಕ್ಕೆ ಬಾಗಿದ ತಳದ ಮರ. ಯುದ್ಧಕ್ಕಲ್ಲ, ಕರಾವಳಿಯುದ್ದಕ್ಕೂ ಸರಕು ಸಾಗಿಸಲು ಇದ್ದ ಹಡಗು ಅದು.

ಸಂಜೆ ಅತ್ತೆಯವರಿಗೆ ಮೆಲ್ಲಗೆ ಹೇಳಿದೆ, "ಅತ್ತೆ, ಇದು ವಾಡಿಯಾ ಹಡಗಲ್ಲ." ಅವರು ಅಕ್ಕಿ ಆರಿಸುತ್ತಾ ತಲೆಯೆತ್ತದೆ ಅಂದರು, "ಅಲ್ಲ ಮಾರಾಯ್ತಿ, ಅದು ಮಂಜಿ. ಚಿಕ್ಕವಳಿದ್ದಾಗ ಗಂಗೊಳ್ಳಿಯಲ್ಲಿ ಎಷ್ಟು ನೋಡಿಲ್ಲ! ಹೆಂಚು ತುಂಬಿಸಿಕೊಂಡು ಬೊಂಬಾಯಿಗೆ ಹೋಗುತ್ತಿದ್ದವು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಅವರು ಅಷ್ಟು ಖುಷಿಯಲ್ಲಿ ಹೇಳುವಾಗ ನಾನ್ಯಾಕೆ ಅಡ್ಡ ಬಾಯಿ ಹಾಕಲಿ? ನೀನೂ ಕೇಳಲಿಲ್ಲ."

ಹೌದು, ನಾನು ಕೇಳಿರಲಿಲ್ಲ. ವಾರಗಟ್ಟಲೆ ಪುಸ್ತಕ ತಿರುವಿ ಹಾಕಿದೆ, ಅಡಿಗೆಮನೆಯಲ್ಲಿದ್ದ ಸಾಕ್ಷಿಯನ್ನು ಮಾತ್ರ ಬಿಟ್ಟೆ.

ಅತ್ತೆ ಹೇಳಿದ ಹೆಂಚಿನ ಮಾತು ಇನ್ನೊಂದು ಬಾಗಿಲು ತೆರೆಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆ ಕೆಂಪು ಹೆಂಚು ಸಮುದ್ರದ ದಾರಿಯಲ್ಲಿ ಮುಂಬಯಿ ಸೇರಿ, ಇಲ್ಲಿನ ಎಷ್ಟೋ ಮನೆ, ಚಾಳುಗಳ ಮಾಡಿಗೆ ಏರಿತು. ನಮ್ಮ ಕಿಟಕಿಯಿಂದ ಇಣುಕಿದರೆ ಪಕ್ಕದ ಕಟ್ಟಡದ ಮೇಲೆ ಈಗಲೂ ಮಂಗಳೂರು ಹೆಂಚು ಕಾಣುತ್ತದೆ. ನಮ್ಮ ಹಿರಿಯರು ಹೋಟೆಲು, ಆಫೀಸು ಎಂದು ಹೊಟ್ಟೆಪಾಡಿಗೆ ಬಂದ ಊರಿಗೆ ನಮ್ಮ ಕರಾವಳಿಯ ಮಣ್ಣೂ ಹೀಗೆ ಬಂದಿತ್ತು.

ಹಡಗನ್ನು ಮಾರುವ ಮಾತು ಈಗ ಯಾರೂ ಎತ್ತುತ್ತಿಲ್ಲ. ಯುದ್ಧನೌಕೆಯಾಗಿದ್ದರೆ ಬೆಲೆ ಹೆಚ್ಚು ಬರುತ್ತಿತ್ತೇನೋ. ಆದರೆ ಇದು ನಮ್ಮೂರಿನ ದಾರಿಯಲ್ಲಿ ಓಡಾಡಿದ ಹಡಗು. ಮೊಮ್ಮಗಳು ಒಂದು ಚೀಟಿಯಲ್ಲಿ 'ಮಂಜಿ — ಅಜ್ಜ ತಂದದ್ದು, ಅಜ್ಜಿ ಗುರುತಿಸಿದ್ದು' ಎಂದು ಬರೆದು ಅದರ ಕೆಳಗೆ ಅಂಟಿಸಿದ್ದಾಳೆ.

ಗೆಳತಿಯರೇ, ನಿಮ್ಮ ಮನೆಯಲ್ಲೂ ಇಂಥ ಹಳೆಯ ವಸ್ತುವೊಂದು ಇದ್ದೀತು. ಗೂಗಲ್ ಮಾಡುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ.